ಬೆಂಚು ದಾಟಿದ ದನಿ

ಆ ದಿನವೂ ನಾಲ್ಕೂವರೆಗೇ ಎದ್ದೆ. ಬಾಗಿಲ ಮುಂದೆ ನೀರು ಹಾಕಿ, ರಂಗೋಲಿ ಎಳೆದು, ಒಲೆಯ ಮೇಲೆ ಹಂಚು ಇಟ್ಟೆ. ನಮ್ಮ ಮನೆಯವರದು ಆ ವಾರ ಮೊದಲ ಪಾಳಿ. ಆರು ಗಂಟೆಗೆಲ್ಲ ಅವರು ವಾಡಿಯ ಸಿಮೆಂಟ್ ಕಾರ್ಖಾನೆಯ ಗೇಟಿನಲ್ಲಿರಬೇಕು. ಅವರ ಡಬ್ಬಿಗೆ ನಾಲ್ಕು ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ ಕಟ್ಟಿಕೊಟ್ಟೆ. ಅವರ ಗಾಡಿಯ ಸದ್ದು ಚಿತ್ತಾಪುರದ ನಮ್ಮ ಓಣಿ ದಾಟಿದ ಮೇಲೆ ಮತ್ತೆ ಹಿಟ್ಟು ನಾದಿ ಕುಳಿತೆ. ಅಂದು ಎಂದಿಗಿಂತ ಹೆಚ್ಚು ರೊಟ್ಟಿ ಬಡಿಯುವುದಿತ್ತು. ಹನ್ನೆರಡು ಹುಡುಗಿಯರು, ಅವರ ಸರ್, ಮತ್ತೆ ನಾನು.

ಏಳನೆಯ ರೊಟ್ಟಿ ಹಂಚಿನ ಮೇಲಿರುವಾಗ ಪಕ್ಕದ ಮನೆಯ ಶರಣಮ್ಮಕ್ಕನ ಆಡು ಬಂದು ಹಿತ್ತಲ ಬಾಗಿಲಲ್ಲಿ ನಿಂತಿತು. ಅದರ ಒಂದು ಕಿವಿಯ ತುದಿ ಹರಿದಿದೆ. ದಿನಾ ಅದೇ ಹೊತ್ತಿಗೆ ಬಂದು, ಒಂದು ಕಾಲು ಹೊಸ್ತಿಲೊಳಗೆ ಇಟ್ಟು ನನ್ನ ಮುಖ ನೋಡುತ್ತದೆ. "ಹೋಗವ್ವ, ಹೋಗು" ಎಂದೆ. ಅದು ಎರಡನೆಯ ಕಾಲನ್ನೂ ಒಳಗಿಟ್ಟಿತು.

ಗೋಡೆಯಾಚೆ ಹಲ್ಲುಜ್ಜುತ್ತ ನಿಂತಿದ್ದ ಶರಣಮ್ಮಕ್ಕ ನಕ್ಕರು. "ಹಂಗ ಮೆತ್ತಗ ಅಂದ್ರ ಹೋಗ್ತದೇನ್ರಿ ಅದು? ನೀವು ಹೋಗು ಅಂದ್ರ ಅದಕ ಬಾ ಅಂದಂಗ ಕೇಳಸ್ತದ. ಬೀಗರಿಗಿ ಮಾತಾಡಿಸ್ದಂಗ ಮಾತಾಡಸ್ತೀರಿ ಆಡಿಗಿ!"

ನಾನೂ ನಕ್ಕು, ಒಂದು ತುಣುಕು ರೊಟ್ಟಿ ಕೊಟ್ಟು ಕಳಿಸಿದೆ. ಒಳಗೆ ಮಗಳು ಮೇಘಾ ಗೋಡೆಗೆ ಬೆನ್ನು ಕೊಟ್ಟು ಕುಳಿತು ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಪದವಿಯ ಕೊನೆಯ ವರ್ಷ ಅವಳದು. ಕಾಲೇಜಿನ ಖೋ ಖೋ ತಂಡದ ನಾಯಕಿ. ಅವತ್ತು ಶಹಾಬಾದದಲ್ಲಿ ಅಂತರಕಾಲೇಜು ಪಂದ್ಯದ ಫೈನಲ್ ಇತ್ತು. ಗೆದ್ದರೂ ಸೋತರೂ ಅವಳಿಗೆ ಅದೇ ಕೊನೆಯ ಆಟ. ಮೂರು ವರ್ಷದಲ್ಲಿ ನಾನು ಅವಳ ಒಂದು ಆಟವನ್ನೂ ನೋಡಿರಲಿಲ್ಲ.

"ಗೆಲ್ತೀರೇನವ್ವ?" ಎಂದು ಕೇಳಿದೆ.

"ಗೆಲ್ಲೋದು ಬಿಡು ಮಮ್ಮಿ" ಎಂದಳು, ಪಟ್ಟಿಯ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ. "ಜಲ್ದಿ ಮುಗೀಬಾರದು ಅಷ್ಟೇ. ಇನ್ನೊಂದು ಪಾಳಿ ಸಿಕ್ರ ಸಾಕು."

ವರ್ಷಗಳ ಹಿಂದಿನ ಇದೆಲ್ಲ ಈಗ ಮತ್ತೆ ಎದ್ದು ಬಂದದ್ದು ಒಂದು ವಾಸನೆಯಿಂದ. ಕಳೆದ ವಾರ ಬಚ್ಚಲಿಗೆ ಹೊಸ ಫರ್ಸಿ ಕಲ್ಲು ಹಾಕಿಸಿದೆವು. ಗೌಂಡಿ ಅಂಗಳದಲ್ಲಿ ಕುಳಿತು, ಕಲ್ಲಿನ ಮೇಲೆ ನೀರು ಬಿಟ್ಟುಕೊಳ್ಳುತ್ತ ಮಷಿನ್ನಿನಿಂದ ಅಂಚು ಕೊಯ್ಯುತ್ತಿದ್ದ. ಕೊಯ್ದು ಬಿಸಿಯಾದ ಶಹಾಬಾದ ಕಲ್ಲಿಗೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಸುಣ್ಣದ ಹಾಗೆ ಶುರುವಾಗಿ, ಮೊದಲ ಮಳೆಯ ಹಾಗೆ ಮುಗಿಯುತ್ತದೆ. ಆ ಫೈನಲ್ ನಡೆದ ಮೈದಾನದ ಕಂಪೌಂಡಿಗೆ ಅಂಟಿಕೊಂಡೇ ಕಲ್ಲು ಪಾಲಿಶ್ ಮಾಡುವ ಜಾಗವಿತ್ತು. ಆಟ ನಡೆದಷ್ಟು ಹೊತ್ತೂ ಇದೇ ವಾಸನೆ ಮೂಗಿಗೆ ಬಡಿಯುತ್ತಿತ್ತು. ನಾನು ಚಹಾದ ಕಪ್ಪು ಹಿಡಿದು ಅಂಗಳದಲ್ಲೇ ನಿಂತುಬಿಟ್ಟೆ. "ಯಾಕ್ರಿ ಬಾಯಿ, ಕಲ್ಲು ಸರಿ ಇಲ್ಲೇನ್ರಿ?" ಎಂದು ಗೌಂಡಿ ಮಷಿನ್ ನಿಲ್ಲಿಸಿದ.

ನಾನು ಬೆಳೆದದ್ದು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ, ಓದಿದ್ದು ಸಿಸ್ಟರುಗಳ ಕಾನ್ವೆಂಟಿನಲ್ಲಿ. ನಮ್ಮ ತರಗತಿಯ ಸಿಸ್ಟರ್ ಒಂದು ಮಾತನ್ನು ದಿನಾ ಹೇಳುತ್ತಿದ್ದರು: "ನಿಮ್ಮ ದನಿ ನಿಮ್ಮ ಬೆಂಚು ದಾಟಬಾರದು." ಹೊರಗೆ ಗೂಡ್ಸ್ ಗಾಡಿಗಳು ಕಿಟಕಿಯ ಗಾಜು ಅದುರುವಂತೆ ಹಾಯುತ್ತಿದ್ದವು. ಗಾಡಿ ಹಾಯುವಷ್ಟು ಹೊತ್ತು ನಾವು ಪಾಠ ಒಪ್ಪಿಸುವುದನ್ನು ನಿಲ್ಲಿಸಿ, ಕೈಕಟ್ಟಿ ನಿಂತು, ಅದು ಹೋದ ಮೇಲೆ ಅದೇ ಮೆತ್ತನೆಯ ದನಿಯಲ್ಲಿ ಬಿಟ್ಟ ಶಬ್ದದಿಂದ ಮುಂದುವರಿಸುತ್ತಿದ್ದೆವು. ಮದುವೆಯಾಗಿ ಚಿತ್ತಾಪುರಕ್ಕೆ ಬಂದೆ. ಅತ್ತೆಯವರು ಇದ್ದಷ್ಟು ದಿನ, "ಈಕಿ ಮನ್ಯಾಗ ಇದ್ದಾಳೋ ಇಲ್ಲೋ ತಿಳಿಯಲ್ಲ" ಎನ್ನುತ್ತಿದ್ದರು. ಅದನ್ನು ನಾನು ಹೊಗಳಿಕೆಯೆಂದೇ ತಿಳಿದಿದ್ದೆ.

ಮಗಳನ್ನೂ ಹಾಗೆಯೇ ಬೆಳೆಸಿದೆ. ಬೇರೆ ಶಾಲೆಗೆ ಹೋದರೂ ಅವಳ ದನಿ ಬೆಂಚು ದಾಟಲಿಲ್ಲ. ದೊಡ್ಡವಳಾದಂತೆ ಆ ದನಿ ನನ್ನದೇ ಆಯಿತು. ಫೋನಿನಲ್ಲಿ ನಾನು ಹಲೋ ಎಂದರೆ ನಮ್ಮ ಮನೆಯವರು, "ಮೇಘಾ, ಮಮ್ಮಿಗಿ ಕೊಡು" ಎನ್ನುವರು. ಕೊಡುತ್ತೇನೆ ಎಂದು ಹೇಳಿ, ಸ್ವಲ್ಪ ತಡೆದು ಮತ್ತೆ ಹಲೋ ಎನ್ನುತ್ತಿದ್ದೆ. ಅದು ನಮ್ಮ ಮನೆಯ ಒಂದು ಸಣ್ಣ ತಮಾಷೆಯಾಗಿತ್ತು.

ಇಂಥ ಹುಡುಗಿ ಖೋ ಖೋ ತಂಡಕ್ಕೆ ಸೇರಿದಳು. ಓಡುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಈ ಆಟದಲ್ಲಿ ಕಾಲು ಮಾತ್ರ ಸಾಲದು. ಎಂಟು ಜನ ಸಾಲಾಗಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕುಳಿತಿರುತ್ತಾರೆ. ಬೆನ್ನಟ್ಟುವವಳು ಕುಳಿತವಳ ಬೆನ್ನು ಮುಟ್ಟಬೇಕು, ಮುಟ್ಟಿದಾಗಲೇ "ಖೋ" ಎಂದು ಎಲ್ಲರಿಗೂ ಕೇಳುವಂತೆ ಕೂಗಬೇಕು. ಕೈ ಮತ್ತು ದನಿ ಒಟ್ಟಿಗೆ ಬಂದರೆ ಮಾತ್ರ ಕುಳಿತವಳು ಏಳಬಹುದು. ಮೊದಲೇ ಎದ್ದರೆ ಫೌಲ್. ನನ್ನ ಮಗಳ ಖೋ ಯಾರಿಗೂ ಕೇಳಿಸುತ್ತಿರಲಿಲ್ಲ. ಮೊದಲ ವರ್ಷ ಅವರ ಪಿ.ಇ. ಸರ್ ಮನೆಗೇ ಬಂದರು. ನೀರು ಕುಡಿದು, ಲೋಟ ಕೆಳಗಿಟ್ಟು, ಬಹಳ ಸಂಕೋಚದಿಂದ ಹೇಳಿದರು: "ಬಾಯಾರೆ, ನಿಮ್ಮ ಹುಡುಗಿ ಖೋ ಅಂತಾಳ್ರಿ ಖರೆ. ಆದ್ರ ಆಕಿ ಹಲ್ಲಿಗೇ ಕೇಳಸಲ್ಲ. ಜರಾ ಮನ್ಯಾಗ ಕೂಗಾಕ ಬಿಡ್ರಿ."

ಆ ಮೆತ್ತನೆಯ ಖೋ ಕೇಳಿಸುತ್ತಿದ್ದದ್ದು ಒಬ್ಬಳಿಗೇ. ಅವಳು ಅಂಬಿಕಾ. ದಂಡೋತಿಯವಳು. ಕಾಗಿಣಾ ನದಿಯ ದಂಡೆಗೇ ಅವರ ಮನೆ. ಅವಳ ಮುತ್ತಜ್ಜನ ಕಾಲದಲ್ಲಿ ಮನೆಯವರು ದೋಣಿ ನಡೆಸುತ್ತಿದ್ದರಂತೆ. ಈಗ ಅಪ್ಪನಿಗೆ ಒಂದಿಷ್ಟು ಹೊಲ, ಉಳಿದ ದಿನ ಕೂಲಿ. ಆಚೆ ದಂಡೆಯಿಂದ ಯಾರಾದರೂ ಕರೆದರೆ ಯಾರು, ಯಾರನ್ನು, ಯಾತಕ್ಕೆ ಕರೆಯುತ್ತಿದ್ದಾರೆ ಎಂದು ನೀರಿನ ಸದ್ದಿನ ನಡುವೆಯೇ ಹೇಳುವ ಕಿವಿ ಅವಳದು. ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದಳು, ಬುತ್ತಿಯಲ್ಲಿ ಶೇಂಗಾ ಹಿಂಡಿ ಇಲ್ಲದೆ ಎಂದೂ ಬಂದವಳಲ್ಲ. ನನ್ನನ್ನು ಆಂಟಿ ಎನ್ನುತ್ತಿದ್ದಳು. ಆದರೆ "ಆಂಟಿ" ಎನ್ನುವಾಗ ಮನೆಯ ಒಳಗಿದ್ದ ನನಗೆ ಬಸ್‌ಸ್ಟ್ಯಾಂಡಿನಲ್ಲಿದ್ದವರನ್ನು ಕರೆದಂತೆ ಕೇಳುತ್ತಿತ್ತು.

ನಾನು ನೆನೆಯುವುದು ಆ ಕೊನೆಯ ವರ್ಷವನ್ನು. ಮಳೆ ಹಿಡಿದಾಗ ಕಾಲೇಜಿನ ಮೈದಾನದ ಕರಿಮಣ್ಣು ಎರಡು ಹೆಜ್ಜೆಗೇ ಬೂಟಿಗೆ ಒಂದು ಸೇರು ಅಂಟಿಕೊಳ್ಳುತ್ತಿತ್ತು. ದಿನಾ ಸಂಜೆ ಹಿತ್ತಲ ಕಲ್ಲಿನ ಮೇಲೆ ಅದನ್ನು ಹಳೆಯ ಚಮಚದಿಂದ ಕೆರೆಯುವುದು ನನ್ನ ಕೆಲಸವಾಯಿತು. ಶ್ರಾವಣದ ಒಂದು ಭಾನುವಾರ ಮೇಘಾ ದಂಡೋತಿಗೆ ಹೋದಳು. ಅಂಬಿಕಾ ಅವಳನ್ನು ಈಚೆ ದಂಡೆಯಲ್ಲಿ ನಿಲ್ಲಿಸಿ, ತಾನು ಸೇತುವೆ ದಾಟಿ ಆಚೆ ದಂಡೆಗೆ ಹೋಗಿ ನಿಂತು, "ಕರಿ ನನಗ!" ಎಂದಳಂತೆ. ಕೇಳಿಸಿದರೆ ಕೈ ಎತ್ತುವುದು, ಇಲ್ಲದಿದ್ದರೆ ಇಲ್ಲ. ಮಧ್ಯಾಹ್ನ ಮೂರರವರೆಗೂ ಅಂಬಿಕಾ ಕೈ ಎತ್ತಲಿಲ್ಲ. ಸಂಜೆ ಮನೆಗೆ ಬಂದ ನನ್ನ ಮಗಳ ದನಿ ಬಿದ್ದುಹೋಗಿತ್ತು, ಮುಖ ಮಾತ್ರ ಬೆಳಗುತ್ತಿತ್ತು. ಸನ್ನೆಯಲ್ಲೇ ಕೈ ಎತ್ತಿ ತೋರಿಸಿದಳು.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಮಾಳಿಗೆಯ ಮೇಲೆ ಖೋ ಖೋ. ಪಾರಿವಾಳಗಳು ಏಳುವವು. ಶರಣಮ್ಮಕ್ಕ ಕೆಳಗಿನಿಂದ, "ಏ ಮೇಘಾ, ಯಾರಿಗವ್ವ ಖೋ ಕೊಡ್ಲತ್ತೀ? ನಮ್ಮ ಮನಿ ಮಾಲಕನಿಗಿ ಒಂದು ಕೊಡು, ಏಳವಲ್ಲ ಹಾಸಿಗಿ ಬಿಟ್ಟು!" ಎನ್ನುವರು. ನನಗೆ ನಾಚಿಕೆ. ಓಣಿಯಲ್ಲಿ ಹುಡುಗಿಯ ದನಿ ಹೀಗೆ ಹರಿದಾಡುವುದು ನನಗೆ ಹೊಸದು. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಸಂಡಿಗೆ ತೆಗೆಯಲು ಮಾಳಿಗೆಗೆ ಹೋದವಳು ಖಾಲಿ ನೀರಿನ ಟ್ಯಾಂಕಿನ ಮುಚ್ಚಳ ಸರಿಸಿ, ಒಳಗೆ ಮುಖ ಇಟ್ಟು, ಮೆಲ್ಲಗೆ "ಖೋ" ಎಂದು ನೋಡಿದೆ. ಅದು ಒಳಗೆ ಸುತ್ತು ಹಾಕಿ, ದೊಡ್ಡದಾಗಿ, ನನ್ನ ಮಗಳ ದನಿಯಲ್ಲಿ ಹಿಂದಕ್ಕೆ ಬಂತು. ಗಾಬರಿಯಾಗಿ ಮುಚ್ಚಳ ಹಾಕಿದೆ.

ದಸರೆಯ ಹೊತ್ತಿಗೆ ಮೇಘಾ ಮತ್ತು ಅಂಬಿಕಾ ಆಟದಲ್ಲಿ ಒಂದು ಜೋಡಿಯೇ ಆಗಿದ್ದರು, ಒಬ್ಬಳು ಖೋ ಕೊಟ್ಟರೆ ಇನ್ನೊಬ್ಬಳು ಎದ್ದಂತೆಯೇ. ಅಂಬಿಕಾಳಿಗೆ ಇದ್ದ ದೋಷ ಒಂದೇ: ದನಿ ಕೇಳಿದ ಕೂಡಲೇ ಎದ್ದುಬಿಡುತ್ತಿದ್ದಳು, ಕೈ ತಾಗುವವರೆಗೂ ತಡೆಯುತ್ತಿರಲಿಲ್ಲ. ಸರ್ ಬೈದು ಬೈದು ಅದನ್ನು ಬಿಡಿಸಿದ್ದರು. ಮೇಘಾಳ ವಿಷಯದಲ್ಲಿ ಮಾತ್ರ ಬಿಡಿಸಲಾಗಲಿಲ್ಲ. "ಮೇಘಾನ ದನಿ ಬಂದ್ರ ಹಿಂದೇ ಕೈ ಬರ್ತದ್ರಿ ಸರ್, ಎಂದೂ ತಪ್ಪಿಲ್ಲ" ಎನ್ನುವಳಂತೆ. ತೊಗರಿ ಕೊಯ್ಲು ಬಂತು. ಅಂಬಿಕಾ ನಸುಕಿನಲ್ಲಿ ಅಪ್ಪನ ಜೊತೆ ಹೊಲದಲ್ಲಿ ತೊಗರಿ ಕೊಯ್ದು, ಕೈತುಂಬ ಗೀರುಗಳನ್ನು ಹೊತ್ತುಕೊಂಡೇ ಮೈದಾನಕ್ಕೆ ಬರುತ್ತಿದ್ದಳು. ನಾನು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಅದೇ ತಿಂಗಳು ಅವರು ಆಟದ ಮೇಲೆ ಆಟ ಗೆದ್ದು ಫೈನಲ್ ತಲುಪಿದರು. ಕಾಲೇಜಿನ ಹುಡುಗಿಯರು ಅಷ್ಟು ದೂರ ಹೋದದ್ದು ಮೊದಲ ಸಲ.

"ಬಾಯಾರೆ, ನೀವೂ ಬರ್ರಿ" ಎಂದು ಸರ್ ಫೋನ್ ಮಾಡಿದ್ದರು. "ಹುಡುಗ್ಯಾರ ಸಂಗಾಟ ಒಬ್ಬರು ಹೆಣ್ಮಕ್ಕಳು ಇದ್ರ ಚಲೋ." ಮೇಘಾ ನನ್ನ ಮುಖ ನೋಡಿದಳು. ಬರುತ್ತೇನೆ ಎಂದೆ.

ಒಂದು ಕ್ರೂಸರ್ ಜೀಪಿನಲ್ಲಿ ಎಲ್ಲರೂ ಒತ್ತಿಕೊಂಡು ಕುಳಿತೆವು. ಡಿಸೆಂಬರಿನ ಚಳಿಗಾಳಿ, ವಾಡಿ ಹತ್ತಿರ ಬಂದಂತೆ ಜಾಲಿಗಿಡಗಳ ಎಲೆಗಳೆಲ್ಲ ಸಿಮೆಂಟಿನ ಬೂದಿ ಬಣ್ಣ. ಹುಡುಗಿಯರು ಹಾಡುತ್ತಿದ್ದರು. ಅಂಬಿಕಾ ನನ್ನ ಪಕ್ಕದಲ್ಲಿ ಕುಳಿತು ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. "ಆಂಟಿ, ಇವತ್ತ ಆಟ ಮುಗದ ಮ್ಯಾಲ ನೀವು ನೋಡ್ಬೇಕ್ರಿ" ಎಂದಳು. "ಕಾಲೇಜ್ ಬಿಟ್ಟು ಹೋಗೋ ಹುಡುಗ್ಯಾರು ಎಲ್ಲರೂ ತಮ್ಮ ತಮ್ಮ ಚೌಕದಾಗ ಕುಂದ್ರತೀವಿ. ಸಣ್ಣ ಹುಡುಗ್ಯಾರು ಹಿಂದಿಂದ ಬಂದು ಒಬ್ಬೊಬ್ಬರಿಗೇ ಖೋ ಕೊಡ್ತಾರ. ಕೊಟ್ರ ಎದ್ದು ಗೆರಿ ದಾಟಿ ಹೋಗೋದು, ತಿರಗಿ ನೋಡಂಗಿಲ್ಲ. ಹ್ವಾದ ವರ್ಷ ನಾನೇ ಎಲ್ಲರಿಗಿ ಕೊಟ್ಟಿದ್ದೆ. ಭಾಳ ಅಳ್ತಾರ್ರಿ." ಹೇಳುತ್ತ ತಾನೇ ನಕ್ಕಳು. "ನಾ ಮಾತ್ರ ಅಳಂಗಿಲ್ಲ."

ಎದುರಾಳಿ ಚಿಂಚೋಳಿಯ ತಂಡ. ಅವರ ಕಡೆಯವರು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಕೂಗಿ ಹುರಿದುಂಬಿಸುತ್ತಿದ್ದರು. ಮೈದಾನದ ಗೆರೆಗಳನ್ನು ಪಕ್ಕದ ಪಾಲಿಶ್ ಜಾಗದಿಂದ ತಂದ ಕಲ್ಲಿನ ಪುಡಿಯಲ್ಲಿ ಎಳೆದಿದ್ದರು. ನನಗೆ ನೀರಿನ ಕ್ಯಾನಿನ ಉಸ್ತುವಾರಿ. ಒಂದು ಕಂಬದ ಹಿಂದೆ, ಗೆರೆಯಿಂದ ಐದಾರು ಹೆಜ್ಜೆಗೆ ನಿಂತಿದ್ದೆ. ಆ ಕಂಬಕ್ಕೆ ಹತ್ತಿರದ ಚೌಕ ಅಂಬಿಕಾಳದು.

ಶುರುವಿನಲ್ಲಿ ನನಗೆ ಏನೂ ತಿಳಿಯಲಿಲ್ಲ. ಯಾರು ಯಾರನ್ನು ಅಟ್ಟುತ್ತಿದ್ದಾರೆ, ಪಿಪಿ ಯಾಕೆ ಊದಿದರು, ಯಾಕೆ ಚಪ್ಪಾಳೆ. ಆಮೇಲೆ ಮಗಳು ಓಡುವುದನ್ನು ಕಂಡೆ. ಮನೆಯಲ್ಲಿ ತಾಟು ಎತ್ತಲು ಸೋಮಾರಿತನ ಮಾಡುವ ಹುಡುಗಿ ಅಲ್ಲಿ ನೆಲಕ್ಕೆ ಬಾಗಿ, ಕಂಬವನ್ನು ಒಂದು ಕೈಯಲ್ಲಿ ಹಿಡಿದು ತಿರುಗಿ, ಗುಂಡಿನ ಹಾಗೆ ಹೊರಡುತ್ತಿದ್ದಳು. ಅವಳ "ಖೋ" ಇಡೀ ಮೈದಾನಕ್ಕೆ ಕೇಳುತ್ತಿತ್ತು. ಆ ದನಿಗೆ ಬೇರೆ ಹುಡುಗಿಯರ ಬೆನ್ನು ಸೆಟೆದು ನಿಲ್ಲುತ್ತಿತ್ತು. ನಾನು ಕ್ಯಾನನ್ನು ಎದೆಗೆ ಒತ್ತಿ ಹಿಡಿದಿದ್ದೆ. ಮೂರು ವರ್ಷ ಇದನ್ನು ಯಾಕೆ ನೋಡದೆ ಉಳಿದೆ ಎಂದು ಅನಿಸುತ್ತಲೇ ಇತ್ತು.

ಕೊನೆಯ ಪಾಳಿ ನಮ್ಮವರು ಬೆನ್ನಟ್ಟುವುದು. ಚಿಂಚೋಳಿಯವರಿಗಿಂತ ಒಂದು ಔಟು ಹಿಂದೆ ಇದ್ದೆವು. "ಒಂದು ನಿಮಿಟ್ ಅದ" ಎಂದರು ಸರ್, ನನಗಲ್ಲ, ತಮಗೇ. ಇನ್ನೊಬ್ಬಳನ್ನು ಮುಟ್ಟಿದರೆ ಸರಿಸಮ. ಸರಿಸಮವಾದರೆ ಎರಡೂ ತಂಡಕ್ಕೆ ಇನ್ನೊಂದು ಪಾಳಿ ಸಿಗುತ್ತದೆ. ಮೇಘಾ ಬೆಳಿಗ್ಗೆ ಕೇಳಿದ್ದು ಅದನ್ನೇ.

ಎದುರಾಳಿಯ ಓಟಗಾರ್ತಿ ಸಣ್ಣ ಹುಡುಗಿ, ಜಡೆಯನ್ನು ಮೇಲಕ್ಕೆ ಸುತ್ತಿ ಪಿನ್ನು ಹಾಕಿಕೊಂಡಿದ್ದಳು. ಮೇಘಾ ಅವಳನ್ನು ಸಾಲಿನುದ್ದಕ್ಕೂ ಅಟ್ಟಿಕೊಂಡು ಬಂದಳು. ಹುಡುಗಿ ತಟಕ್ಕನೆ ಸಾಲಿನೊಳಗೆ ನುಸುಳಿ ಆಚೆ ಹೊರಬಿದ್ದಳು, ನೆಟ್ಟಗೆ ಅಂಬಿಕಾಳ ಮುಂದೆ. ಅಂಬಿಕಾ ಮುಖ ಮಾಡಿ ಕುಳಿತದ್ದೂ ಆ ಕಡೆಗೇ. ಓಟಗಾರ್ತಿಯ ಬೆನ್ನು ಅವಳ ಕೈಗೆಟಕುವಷ್ಟು ಹತ್ತಿರ. ಈಗ ಖೋ ಸಿಕ್ಕರೆ ಮುಗಿಯಿತು. ಮೇಘಾ ಇನ್ನೂ ಎರಡು ಹೆಜ್ಜೆ ಹಿಂದೆ. ಆ ಎರಡು ಹೆಜ್ಜೆ ನನಗೆ ತಡೆಯಲಾಗಲಿಲ್ಲ.

"ಖೋ!"

ಆ ದನಿ ಎಲ್ಲಿಂದ ಬಂತೆಂದು ಮೊದಲು ನನಗೇ ತಿಳಿಯಲಿಲ್ಲ. ಗಂಟಲು ಉರಿದಾಗ ಗೊತ್ತಾಯಿತು. ಅಂಬಿಕಾ ಬಾಣದಂತೆ ಎದ್ದಳು, ಕೈ ಚಾಚಿ ಓಟಗಾರ್ತಿಯ ಭುಜ ಮುಟ್ಟಿದಳು. ನಮ್ಮ ಹುಡುಗಿಯರೆಲ್ಲ ಕೂಗಿ ಜಿಗಿದರು. ಪಿಪಿ ಕೇಳಿಸಿತು. ಒಂದು ಕ್ಷಣ ಎಲ್ಲರೂ ಅದನ್ನು ಔಟಿನ ಪಿಪಿ ಎಂದೇ ತಿಳಿದರು.

ಅಂಪೈರ್ ಕೈ ಅಡ್ಡ ಆಡಿಸುತ್ತ ಬಂದರು. ವಯಸ್ಸಾದವರು, ತಲೆಗೆ ಬಿಳಿ ಟೋಪಿ. ಸಾಲಿನ ಆಚೆ ನಿಂತಿದ್ದ ಅವರಿಗೆ ಮೇಘಾಳ ಕೈ ಕಂಡಿರಲಿಲ್ಲ, ಆದರೆ ಸಂಶಯ ಬಂದಿತ್ತು. "ಖೋ ನನಗೂ ಕೇಳಸ್ತಮ್ಮ" ಎಂದರು ಮೇಘಾಳಿಗೆ. "ನಿಂದೇ ದನಿ. ಮುಟ್ಟಿ ಕೊಟ್ಟೀ ಏನು? ನೀನೇ ಹೇಳು."

ಹೌದು ಎಂದಿದ್ದರೆ ಔಟು ಉಳಿಯುತ್ತಿತ್ತು. ಇನ್ನೊಂದು ಪಾಳಿ ಸಿಗುತ್ತಿತ್ತು. ಮೇಘಾ ಅಂಬಿಕಾಳ ಕಡೆ ನೋಡಿದಳು, ತನ್ನ ಅಂಗೈ ನೋಡಿಕೊಂಡಳು.

"ಇಲ್ರಿ ಸರ್. ನಾ ಇನ್ನೂ ಮುಟ್ಟಿದ್ದಿಲ್ರಿ. ಬಾಯಿನೂ ತೆರದಿದ್ದಿಲ್ಲ."

ಫೌಲ್ ಕೊಟ್ಟರು, ಔಟು ಹೋಯಿತು. ಉಳಿದ ಕೆಲವು ಕ್ಷಣ ಸುಮ್ಮನೆ ಓಡಿ ಮುಗಿದವು. ನಾನು ಕ್ಯಾನು ಹಿಡಿದು ನಿಂತೇ ಇದ್ದೆ. ನನ್ನ ಕಡೆ ಒಬ್ಬರೂ ನೋಡಲಿಲ್ಲ. ಜರಿಯ ಅಂಚಿನ ಸೀರೆಯುಟ್ಟು, ಸೆರಗು ಹೊದ್ದು, ನೀರು ಹಿಡಿದು ನಿಂತ ಹೆಂಗಸು ಮೈದಾನದಲ್ಲಿ ಕೂಗಿದ್ದಾಳೆಂದು ಯಾರಿಗಾದರೂ ಹೇಗೆ ಅನಿಸಬೇಕು? ಹೇಳಬೇಕಾಗಿದ್ದವಳು ನಾನು. ಮಗಳು ನಾಲ್ಕು ಜನರ ಮುಂದೆ ನಿಂತು ತನಗೆ ನಷ್ಟವಾಗುವ ನಿಜವನ್ನು ಅಷ್ಟು ಸುಲಭವಾಗಿ ಹೇಳಿದ್ದಳು. ನನ್ನ ದನಿ ಮತ್ತೆ ಬೆಂಚಿನೊಳಗೆ ಹೋಗಿ ಕುಳಿತಿತ್ತು.

ಕೊನೆಯ ಖೋ ಕೊಡುವ ಹೊತ್ತಿಗೆ ಹೋಗುವ ಹುಡುಗಿಯರು ತಮ್ಮ ತಮ್ಮ ಚೌಕಗಳಲ್ಲಿ ಕುಳಿತರು. ಮೇಘಾ ಕುಳಿತಳು. ಕಂಬದ ಹತ್ತಿರದ ಚೌಕ ಖಾಲಿ ಇತ್ತು. ಅಂಬಿಕಾ ಕ್ರೂಸರಿನ ಹಿಂದೆ ನಿಂತಿದ್ದಳು. ಸರ್ ಎರಡು ಸಲ ಕರೆದರು. ಅಷ್ಟು ದೂರದ ದನಿ ಕೇಳುವ ಹುಡುಗಿ ಕೇಳಿಸದವಳ ಹಾಗೆ ಉಳಿದಳು.

ಬರುವಾಗ ಹಾಡಿಲ್ಲ. ರೊಟ್ಟಿಯ ಗಂಟು ಬಿಚ್ಚಲಿಲ್ಲ. ವಾಡಿಯ ರೈಲ್ವೆ ಗೇಟು ಹಾಕಿತ್ತು, ಗೂಡ್ಸ್ ಗಾಡಿ ಹಾಯುತ್ತಿತ್ತು. ಅದು ಹೋದ ಮೇಲೆ ಹಿಂದಿನ ಸೀಟಿನಿಂದ ಒಬ್ಬಳು ಶುರು ಮಾಡಿದಳು: "ಎಷ್ಟು ಸಲ ಹೇಳ್ಯಾರ ನಿನಗ ಅಂಬಿ, ಕೈ ತಾಗಿದ ಮ್ಯಾಲ ಏಳಂತ?"

"ನನಗ ಖೋ ಕೇಳಸ್ತು" ಎಂದಳು ಅಂಬಿಕಾ.

"ಯಾರು ಕೊಟ್ರು? ದೆವ್ವ ಕೊಡ್ತೇನು?"

"ಮೂರು ವರ್ಷದ್ದು ಒಂದು ನಿಮಿಟ್‌ನಾಗ ನೀರಾಗ ಹಾಕಿದಿ" ಎಂದಳು ಇನ್ನೊಬ್ಬಳು.

"ಸಾಕು ಬಿಡ್ರೇ" ಎಂದಳು ಮೇಘಾ. ಆದರೆ ಅವಳೂ ಅಂಬಿಕಾಳ ಮುಖ ನೋಡಲಿಲ್ಲ, ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. ಅಂಬಿಕಾ ನನ್ನ ಪಕ್ಕದಲ್ಲೇ ಇದ್ದಳು. ಅವಳ ಕೈಯ ಗೀರುಗಳಲ್ಲಿ ಕಲ್ಲಿನ ಬಿಳಿ ಪುಡಿ ತುಂಬಿಕೊಂಡಿತ್ತು. ಅಷ್ಟು ಹತ್ತಿರ ಕುಳಿತು ನಾನು ಏನೂ ಹೇಳಲಿಲ್ಲ. ಚಿತ್ತಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಅವಳು ರೊಟ್ಟಿಯ ಗಂಟನ್ನು ನನ್ನ ತೊಡೆಯ ಮೇಲಿಟ್ಟು, "ಬರ್ತೀನ್ರಿ ಆಂಟ್ಯಾರೆ" ಎಂದಳು. ಆ ದನಿ ನನಗೆ ಮಾತ್ರ ಕೇಳಿಸುವಷ್ಟಿತ್ತು.

ಮುಂದೆ ಏನಾಯಿತೆಂದು ಮೊದಲು ಹೇಳಿಬಿಡುತ್ತೇನೆ. ಆ ಭಾನುವಾರ ನಾನೂ ಮೇಘಾಳೂ ದಂಡೋತಿಗೆ ಹೋದೆವು. ತಂಡದ ಇತರ ಹುಡುಗಿಯರಿಗೂ ಬರಲು ಹೇಳಿದ್ದೆವು. ಒಬ್ಬಿಬ್ಬರನ್ನು ಬಿಟ್ಟು ಎಲ್ಲರೂ ಬಂದರು. ಅಂಬಿಕಾಳ ಅಂಗಳದಲ್ಲಿ ತೊಗರಿಯ ರಾಶಿ ಇತ್ತು. ಅವಳ ಅವ್ವ ಬಡಿಯುವುದನ್ನು ಬಿಟ್ಟು ಬಂದು, "ಕುಂದ್ರಿ ಬಾಯಾರೆ" ಎಂದು ಚಾಪೆ ಹಾಕಿದರು. ನಾನು ಕುಳಿತುಕೊಳ್ಳಲಿಲ್ಲ. ನಿಂತೇ ಹೇಳಿದೆ, ಎಲ್ಲರಿಗೂ ಕೇಳುವಂತೆ. ಆ ಖೋ ನನ್ನದು, ಅಂಬಿಕಾಳದು ತಪ್ಪಿಲ್ಲ, ಅಲ್ಲಿಯೇ ಹೇಳಬೇಕಿತ್ತು, ಹೇಳಲಿಲ್ಲ.

ಕ್ರೂಸರಿನಲ್ಲಿ ದೆವ್ವದ ಮಾತಾಡಿದ್ದ ಹುಡುಗಿ ಅಳತೊಡಗಿದಳು. ಅಂಬಿಕಾ ಮಾತ್ರ ಅಳಲಿಲ್ಲ. "ನನಗ ಗೊತ್ತಿತ್ರಿ ಆಂಟಿ" ಎಂದಳು.

"ಏನು ಗೊತ್ತಿತ್ತು?"

"ಎದ್ದ ಮ್ಯಾಲ ತಿಳೀತ್ರಿ. ಮೇಘಾ ಖೋ ಅಂದ್ರ ಹಿಂದೇ ಒಂದು ಉಸಿರು ಬರ್ತದ, ಓಡಿ ಬಂದಿರ್ತಾಳಲ್ರಿ. ಅದ್ರಾಗ ಉಸಿರು ಇದ್ದಿದ್ದಿಲ್ಲ. ನಿಂತವರ ದನಿ ಅದು."

"ಮತ್ತ ಯಾಕ ಹೇಳಲಿಲ್ಲವ್ವ, ಅವರೆಲ್ಲ ಅಷ್ಟು ಅಂದ್ರೂ?"

ಅವಳು ನೆಲದ ಮೇಲಿನ ತೊಗರಿಯ ಒಂದು ಕಾಯಿಯನ್ನು ಕಾಲಿನಿಂದ ರಾಶಿಯ ಕಡೆ ತಳ್ಳಿದಳು. "ನೀವು ಮೊದಲನೇ ಸಲ ಬಂದಿದ್ರಿ" ಎಂದಳು.

ಆಮೇಲೆ ಮೇಘಾ ಅವಳ ಕೈ ಹಿಡಿದು ಎಳೆದುಕೊಂಡು ಹೋಗಿ ಅಂಗಳದ ನಡುವೆ ಕುಳ್ಳಿರಿಸಿದಳು. "ಕೊನೀ ಖೋ ಬಾಕಿ ಅದ ನಿಂದು." ತಂಡದ ಸಣ್ಣ ಹುಡುಗಿಯೊಬ್ಬಳು ಹಿಂದೆ ಬಂದು ನಿಂತಳು. ಅಂಬಿಕಾ ತಿರುಗಿ, "ಆಂಟ್ಯಾರು ಕೊಡ್ಲಿ" ಎಂದಳು. ಅವಳ ಹಿಂದೆ ಹೋಗಿ ನಿಂತೆ. ಬಿಸಿಲಿಗೆ ಬೆಚ್ಚಗಾದ ಬೆನ್ನು, ಹಳೆಯ ಜೆರ್ಸಿ, ಅದರ ಅಂಕಿಯ ಒಂದು ಮೂಲೆ ಬಿಚ್ಚಿತ್ತು. ಕೈ ಇಟ್ಟೆ, ಇಟ್ಟಾಗಲೇ ಕೂಗಿದೆ. ಕೈ ಮತ್ತು ದನಿ ಈ ಸಲ ಒಟ್ಟಿಗೆ ಹೋದವು. ಅವಳು ಎದ್ದು, ಅಂಗಳ ದಾಟಿ, ತಿರುಗಿ ನೋಡದೆ ಹೊಳೆಯ ಕಡೆ ನಡೆದಳು. ಅಳಂಗಿಲ್ಲ ಅಂದಿದ್ದವಳ ಹೆಗಲು ಅಲುಗುವುದು ಹಿಂದಿನಿಂದ ಕಾಣುತ್ತಿತ್ತು.

ಈಗ ಅವಳು ಕೋಡ್ಲಾದ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾಳೆ. ಮೇಘಾ ಸೇಡಂನಲ್ಲಿದ್ದಾಳೆ, ಮಗುವಿಗೆ ಒಂದೂವರೆ ವರ್ಷ. ಇಬ್ಬರೂ ಫೋನಿನಲ್ಲಿ ಮಾತಾಡಿದರೆ ಇಡೀ ಮನೆಗೆ ಕೇಳುತ್ತದೆಯಂತೆ.

ನಾನಾಗಿಯೇ ಮಗಳಿಗೆ ಹೇಳಿ, ನಾನಾಗಿಯೇ ದಂಡೋತಿಗೆ ಹೊರಟೆ ಎಂದು ಇಲ್ಲಿಗೆ ಬರೆದು ನಿಲ್ಲಿಸಬಹುದಿತ್ತು. ನನ್ನ ಮನೆಯವರಿಗೂ ಹಾಗೆಯೇ ಹೇಳಿದ್ದೇನೆ. ಅದು ನಿಜವಲ್ಲ. ಅಂಗಳದಲ್ಲಿ ಆ ಕಲ್ಲಿನ ವಾಸನೆ ಎದ್ದಾಗ ನನಗೆ ಮೊದಲು ನೆನಪಾದದ್ದು ಮೈದಾನವಲ್ಲ, ಆ ಸಂಜೆ.

ಶಹಾಬಾದದಿಂದ ಬಂದಾಗ ಐದು ಗಂಟೆಯಾಗಿತ್ತು. ಮೇಘಾ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಬೂಟಿನ ಲೇಸು ಬಿಚ್ಚತೊಡಗಿದಳು. ಗಂಟು ಬಿಗಿದಿತ್ತೋ, ಬಿಚ್ಚುವ ಮನಸ್ಸಿರಲಿಲ್ಲವೋ, ಬಹಳ ಹೊತ್ತು ಅದರಲ್ಲೇ ಇದ್ದಳು. ನಾನು ಅಡುಗೆಮನೆಯಲ್ಲಿ ಉಳಿದ ರೊಟ್ಟಿಗಳನ್ನು ಎಣಿಸದೆ ಬುಟ್ಟಿಗೆ ಹಾಕಿದೆ. ಹೇಳಬೇಕೆಂದು ಮೂರು ಸಲ ಬಾಗಿಲಿಗೆ ಬಂದೆ. ಮೊದಲ ಸಲ, "ಚಹಾ ಮಾಡ್ಲೇನು?" ಎಂದೆ. ಎರಡನೆಯ ಸಲ, "ಚಹಾ ಆರ್ತದ" ಎಂದೆ. ಮೂರನೆಯ ಸಲ ಸುಮ್ಮನೆ ನಿಂತೆ.

"ಅಂಬಿ ಹಂಗ್ಯಾಕ ಮಾಡಿದ್ಳು ಮಮ್ಮಿ?" ಎಂದಳು ಮೇಘಾ, ತಲೆ ಎತ್ತದೆ. "ಖೋ ಕೇಳಸ್ತು ಅಂತಾಳ. ನಾ ಬಾಯಿ ಬಿಟ್ಟಿದ್ದಿಲ್ಲ. ತಾನೇ ಕೂಗಿ ಎದ್ಳೋ ಏನೋ. ಯಾಕ ಸುಳ್ಳು ಹೇಳ್ತಾಳ ನನಗ? ನನಗ?"

ಈಗ ಹೇಳಬೇಕಿತ್ತು. ನಾಲಗೆಯ ಮೇಲೆ ಇತ್ತು. "ಮರತುಬಿಡವ್ವ, ಆಟದಾಗ ಆಗ್ತದ" ಎಂದು ಒಳಗೆ ತಿರುಗಿದೆ.

ಶರಣಮ್ಮಕ್ಕನ ಆಡು ಯಾವಾಗ ಒಳಗೆ ಬಂದಿತ್ತೋ, ಬುಟ್ಟಿಯೊಳಗೆ ಮುಖ ಹಾಕಿ ನಿಂತಿತ್ತು. ಹುಡುಗಿಯರಿಗೆಂದು ಬಡಿದ ರೊಟ್ಟಿ, ಅವರು ಮುಟ್ಟದೆ ಬಿಟ್ಟ ರೊಟ್ಟಿ ಅದರ ಬಾಯಲ್ಲಿ ಮುರಿಯುತ್ತಿತ್ತು.

"ಹೋ!"

ಆಡು ಬುಟ್ಟಿ ಉರುಳಿಸಿ, ಮೇಘಾಳ ತಲೆಯ ಮೇಲಿಂದಲೇ ಎಂಬಂತೆ ಜಿಗಿದು ಹಿತ್ತಲು ದಾಟಿತು. ಮೇಘಾಳ ಕೈ ಲೇಸಿನ ಮೇಲೆ ಹಾಗೆಯೇ ನಿಂತಿತು. ನಿಧಾನವಾಗಿ ತಿರುಗಿ ಅವಳು ನನ್ನನ್ನು ನೋಡಿದಳು. ಗೋಡೆಯಾಚೆ ಮೊರದಲ್ಲಿ ತೊಗರಿ ಕೇರುತ್ತಿದ್ದ ಶರಣಮ್ಮಕ್ಕ ಕತ್ತು ಉದ್ದ ಮಾಡಿ ಇಣುಕಿದರು, ನನ್ನನ್ನು ಕಂಡು ನಕ್ಕರು, ಮತ್ತೆ ಮೊರದ ಕಡೆ ಬಾಗುತ್ತ ಹೇಳಿದರು:

"ಅಯ್ಯ, ನೀವೇನ್ರಿ! ನಾ ಮೇಘಾ ಖೋ ಅಂದ್ಳಂತ ತಿಳದಿದ್ದೆ. ಅವ್ವಂದೂ ಮಗಳದೂ ದನಿ ಒಂದೇ ಅದ ನೋಡ್ರಿ, ಆಡಿಗೂ ಫರಕ್ ತಿಳೀಲಿಲ್ಲ."